ಇಡ್ಲಿ ಪಾತ್ರೆಗೆ ಇಳಿಬಿಟ್ಟ ಸೆನ್ಸರ್

ನಮ್ಮದು ಸಣ್ಣ ಕಂಪನಿ. ಮೊಬೈಲ್ ಸಿಗ್ನಲ್ ಸಿಗದ ಜಾಗಗಳಲ್ಲಿ ಓಡುವ ಯಂತ್ರಗಳ ಮೇಲೆ ಕಣ್ಣಿಡುವ ಟರ್ಮಿನಲ್‌ಗಳನ್ನು ನಾವು ಕೊಡುತ್ತೇವೆ. ಟರ್ಮಿನಲ್ ಅಂದರೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ. ಅದರ ಉದ್ದ ವೈರಿನ ತುದಿಯಲ್ಲಿ ಬಿಸಿ ಅಳೆಯುವ ಸೆನ್ಸರ್ ಇರುತ್ತದೆ. ಸೆನ್ಸರ್ ಅಳೆದದ್ದನ್ನು ಪೆಟ್ಟಿಗೆ ಉಪಗ್ರಹಕ್ಕೆ ಕಳಿಸುತ್ತದೆ. ಅಲ್ಲಿಂದ ಇಳಿದ ಸುದ್ದಿ ಇಂಟರ್‌ನೆಟ್ ಹಿಡಿದು ಗಿರಾಕಿಯ ಆಫೀಸಿನ ಕಂಪ್ಯೂಟರಿಗೆ ಬರುತ್ತದೆ. ಆ ಕಂಪ್ಯೂಟರಿನಲ್ಲಿ ನಮ್ಮ ಸಾಫ್ಟ್‌ವೇರ್ ಹಾಕಿ, ಅಂಕಿ ಪರದೆಯ ಮೇಲೆ ಮೂಡುವಂತೆ ಮಾಡುವುದು ನನ್ನ ಕೆಲಸ. ಎಷ್ಟೋ ವರ್ಷ ಅದನ್ನು ಫೋನಿನಲ್ಲೇ ಹೇಳಿಕೊಟ್ಟು ಮಾಡಿಸಿದ್ದೆ. ಒಬ್ಬಳೇ ಪೆಟ್ಟಿಗೆ ಹೊತ್ತುಕೊಂಡು ಗಿರಾಕಿಯ ಬಾಗಿಲಿಗೆ ಹೋದದ್ದು ಅದೇ ಮೊದಲು.

ಗಿರಾಕಿಗಳು ದೊಡ್ಡ ಡೀಸೆಲ್ ಜನರೇಟರ್‌ಗಳನ್ನು ಬಾಡಿಗೆಗೆ ಕೊಡುವವರು. ಆಫೀಸು ಅಂಧೇರಿಯ ಒಂದು ಗಲ್ಲಿಯಲ್ಲಿ, ನೆಲಮಾಳಿಗೆಯಲ್ಲಿತ್ತು. ಒಂದು ಜನರೇಟರ್ ಅಂದೇ ಸಂಜೆ ಲಾರಿ ಹತ್ತಿ ದೂರದ ಬೆಟ್ಟದ ಮೇಲಿನ ಕಲ್ಲು ಕ್ವಾರಿಗೆ ಹೊರಡಬೇಕಿತ್ತು. ಅದರ ಜೊತೆ ಟರ್ಮಿನಲ್ಲೂ ಹೋಗಬೇಕು. ಹೋಗುವುದಕ್ಕೆ ಮುಂಚೆ ಎಲ್ಲವೂ ಸರಿಯಾಗಿದೆಯೆಂದು ನಾನು ತೋರಿಸಿಕೊಡಬೇಕು.

ಅಲ್ಲಿನ ಇಂಜಿನಿಯರ್ ವಿಜಯಪುರದ ಕಡೆಯವರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಸ್ವಲ್ಪ ಹೊತ್ತು ಹಿಂದಿಯಲ್ಲೇ ಮಾತಾಡಿದೆವು. ನಾನು ಮನೆಗೆ ಫೋನ್ ಮಾಡಿ ಅತ್ತೆಯ ಹತ್ತಿರ ಕನ್ನಡದಲ್ಲಿ ಮಾತಾಡಿದ್ದು ಅವರ ಕಿವಿಗೆ ಬಿತ್ತು. ಆಮೇಲೆ ಅವರು ಹಿಂದಿಯ ತಂಟೆಗೆ ಹೋಗಲಿಲ್ಲ.

ಸಾಫ್ಟ್‌ವೇರ್ ಸಲೀಸಾಗಿ ಕೂತಿತು. ಆದರೆ ಲಾಗಿನ್ ಆಗಲೊಲ್ಲದು. ಪಾಸ್‌ವರ್ಡ್ ಬದಲಿಸಿದೆ, ಇಂಟರ್‌ನೆಟ್ ವೈರ್ ಬದಲಿಸಿದೆ, ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಪ್ರತಿ ಸಲವೂ ಅದೇ ಕೆಂಪು ಅಕ್ಷರ. ಫ್ಯಾನಿನ ಕೆಳಗೆ ಕೂತೂ ಬೆವರುತ್ತಿದ್ದೆ. ಕೊನೆಗೆ ಕೈಚೆಲ್ಲಿ ಪರದೆಯನ್ನೇ ನೋಡುತ್ತಾ ಕೂತಾಗ ಮೂಲೆಯಲ್ಲಿದ್ದ ತಾರೀಖು ಕಣ್ಣಿಗೆ ಬಿತ್ತು. ಕಂಪ್ಯೂಟರ್ ಎಷ್ಟೋ ವರ್ಷ ಹಿಂದೆ ಉಳಿದುಕೊಂಡಿತ್ತು.

"ಅದು ಯಾವಾಗ್ಲೂ ಹಂಗ ಇರ್ತದ್ರೀ ಮೇಡಂ," ಅಂದರು ಇಂಜಿನಿಯರ್. "ಬಂದ್ ಮಾಡಿದ ಕೂಡ್ಲೇ ಹಿಂದಕ ಹೋಗ್ತದ. ಬಿಲ್ ಮ್ಯಾಲ ನಾವು ಕೈಲೇ ತಾರೀಖ ಬರೀತೀವಿ."

ತಾರೀಖು ತಪ್ಪಿರುವ ಕಂಪ್ಯೂಟರನ್ನು ನಮ್ಮ ಸರ್ವರ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಕಂಪ್ಯೂಟರಿನೊಳಗೆ ಗುಂಡಿಯಂಥ ಒಂದು ಬ್ಯಾಟರಿ ಇರುತ್ತದೆ, ಅದು ಸತ್ತಿದೆ, ಅಷ್ಟೇ. ಅವರು ಸ್ಟೇಷನ್ ಹತ್ತಿರದ ಗಡಿಯಾರದ ಅಂಗಡಿಗೆ ಹೋಗಿ ಹೊಸದು ತಂದರು. ಹಾಕಿ, ತಾರೀಖು ಸರಿಮಾಡಿ ಲಾಗಿನ್ ಒತ್ತಿದೆ. ಹಸಿರು ಬಂತು.

ಇನ್ನು ಪೆಟ್ಟಿಗೆಗೆ ಆಕಾಶ ಬೇಕು. ಅಂಗಳದಲ್ಲಿಟ್ಟರೆ ಒಂದು ಕಡೆ ಮೆಟ್ರೋ ಸೇತುವೆ, ಇನ್ನೊಂದು ಕಡೆ ಎತ್ತರದ ಬಿಲ್ಡಿಂಗ್. ನಡುವೆ ಉಳಿದ ಆಕಾಶದ ಪಟ್ಟಿಯಲ್ಲಿ ನಮಗೆ ಬೇಕಾದ ಉಪಗ್ರಹ ಇರಲಿಲ್ಲ. ಆಫೀಸಿರುವ ಬಿಲ್ಡಿಂಗಿನ ಟೆರೇಸಿನ ಬೀಗದ ಕೈ ಅಲ್ಲಿನ ಸೊಸೈಟಿಯ ಸೆಕ್ರೆಟರಿಯ ಹತ್ತಿರ, ಅವರು ನಾಸಿಕ್‌ಗೆ ಹೋಗಿದ್ದರು. ಆಗ ನನಗೆ ಸಯನ್‌ನಲ್ಲಿರುವ ನಮ್ಮ ಬಿಲ್ಡಿಂಗಿನ ಟೆರೇಸು ನೆನಪಾಯಿತು. ನಮ್ಮದು ಕೊನೆಯ ಮಾಳಿಗೆ, ತಲೆಯ ಮೇಲೇ ಟೆರೇಸು, ಸುತ್ತ ಅದಕ್ಕಿಂತ ಎತ್ತರದ ಬಿಲ್ಡಿಂಗ್ ಇಲ್ಲ. ಲಾರಿಯೂ ಸಯನ್ ದಾಟಿಯೇ ಪನ್ವೇಲ್ ಕಡೆ ಹೋಗುವುದು. ಪೆಟ್ಟಿಗೆಯನ್ನು ನಾನು ಮನೆಗೆ ಒಯ್ಯುತ್ತೇನೆ, ನೀವು ಕಂಪ್ಯೂಟರಿನ ಮುಂದೆ ಇರಿ, ಸಂಜೆ ಲಾರಿಯಲ್ಲಿ ಬಂದು ತೆಗೆದುಕೊಂಡು ಹೋಗಿ ಅಂದೆ. ಅವರು ಒಪ್ಪಿದರು.

ದಾದರಿನಲ್ಲಿ ಲೋಕಲ್ ರೈಲು ಬದಲಿಸಿದೆ. ಲೇಡೀಸ್ ಡಬ್ಬಿಯಲ್ಲಿ ಪಕ್ಕದ ಹೆಂಗಸು, ಇದು ಯಾವ ಕಂಪನಿಯ ವಾಟರ್ ಫಿಲ್ಟರ್ ಎಂದು ಕೇಳಿದಳು. ಉಪಗ್ರಹದ ಜೊತೆ ಮಾತಾಡುವ ಪೆಟ್ಟಿಗೆ ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾಲು ಸರಿಸಿ, ಪೆಟ್ಟಿಗೆಗೆ ಜಾಗ ಮಾಡಿಕೊಟ್ಟಳು.

ಅತ್ತೆ ಉಡುಪಿಯ ಕಡೆಯವರು. ಮಾವನ ಜೊತೆ ಬಹಳ ಕಾಲ ಕ್ಯಾಂಟೀನ್ ನಡೆಸಿದವರು. ನಾನು ಏನು ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ "ಕಂಪ್ಯೂಟರ್" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದರು. ಅಂದು ಮಾತ್ರ ಪೆಟ್ಟಿಗೆಯ ಹಿಂದೆಯೇ ಟೆರೇಸಿಗೆ ಬಂದರು. ನೀರಿನ ಟ್ಯಾಂಕಿನ ಮೇಲೆ ಪೆಟ್ಟಿಗೆಯನ್ನಿಟ್ಟು, ಬ್ಯಾಟರಿ ಜೋಡಿಸಿ, ದಿಕ್ಕು ತಿರುಗಿಸುತ್ತಾ ಹೋದೆ. ಕೆಂಪು ದೀಪ ಮಿಣುಕಿತು, ನಿಂತಿತು, ಹಸಿರಾಯಿತು. ಅಂಧೇರಿಗೆ ಫೋನ್ ಮಾಡಿ ಕಾದೆ.

"ಬಂತ್ರೀ ಮೇಡಂ," ಅಂದರು. "ಮೂವತ್ತೊಂದು ಡಿಗ್ರಿ ಅಂತ ತೋರಸಾಕತ್ತದ."

ಅತ್ತೆ ಮೇಲೆ ನೋಡಿದರು. "ಹೌದಾ? ಇಲ್ಲಿಂದ ಅಲ್ಲಿಗೆ ಹೋಗಿ, ಮತ್ತೆ ಅಂಧೇರಿಗೆ ಇಳಿಯಿತಾ?"

ಅರ್ಧ ಕೆಲಸ ಮುಗಿದಿತ್ತು. ಇಂಜಿನ್ನಿನ ನೀರು ತೊಂಬತ್ತೈದು ಡಿಗ್ರಿ ದಾಟಿದರೆ ಕಂಪ್ಯೂಟರಿನಲ್ಲಿ ಅಲಾರಂ ಹೊಡೆಯಬೇಕು. ಸುಳ್ಳು ಅಂಕಿ ಕೊಟ್ಟೂ ಪರೀಕ್ಷೆ ಮಾಡಬಹುದು, ಆದರೆ ಸೆನ್ಸರ್ ಸರಿಯಿದೆಯೋ ಇಲ್ಲವೋ ತಿಳಿಯಬೇಕಾದರೆ ನಿಜವಾದ ಬಿಸಿ ಬೇಕು. ಒಂದು ಪಾತ್ರೆ ನೀರು ಕುದಿಸಿಕೊಡುತ್ತೀರಾ ಎಂದು ಅತ್ತೆಯನ್ನು ಕೇಳಿದೆ.

"ನೀರು ಯಾಕೆ ಕುದಿಸುವುದು? ಇಡ್ಲಿ ಒಲೆಯ ಮೇಲೆ ಉಂಟಲ್ಲ, ಅದರೊಳಗೆ ಹಾಕು."

ಸೆನ್ಸರನ್ನು ಚೆನ್ನಾಗಿ ತೊಳೆದು, ವೈರನ್ನು ಟೆರೇಸಿನ ಅಂಚಿನಿಂದ ನಮ್ಮ ಅಡುಗೆಮನೆಯ ಕಿಟಕಿಯ ಕಡೆ ಇಳಿಬಿಟ್ಟೆ. ಅಷ್ಟರಲ್ಲಿ ಅತ್ತೆ ಕೆಳಗೆ ಹೋಗಿದ್ದರು. ಕಿಟಕಿಯ ಸರಳಿನ ಸಂದಿಯಿಂದ ಇಕ್ಕಳ ಹೊರಗೆ ಬಂದು ಗಾಳಿಯಲ್ಲಿ ಎರಡು ಸಲ ತಪ್ಪಿ, ಮೂರನೆಯ ಸಲ ವೈರನ್ನು ಹಿಡಿದು ಒಳಗೆಳೆದುಕೊಂಡಿತು. ಎದುರು ಬಿಲ್ಡಿಂಗಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವರು ಬಟ್ಟೆ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

ಒಂದೊಂದು ಅಂಕಿ ಬರಲೂ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಫೋನಿನಲ್ಲಿ ಇಂಜಿನಿಯರ್ ಓದುತ್ತಿದ್ದರು, ನಾನು ಅದನ್ನು ಕೆಳಕ್ಕೆ ಕೂಗಿ ಹೇಳುತ್ತಿದ್ದೆ. ಐವತ್ತೆಂಟು. ಎಂಬತ್ತು. ಎಂಬತ್ತೊಂಬತ್ತು. ಮತ್ತೆ ಎಂಬತ್ತೊಂಬತ್ತು. ಅಲ್ಲಿಗೇ ನಿಂತಿತು. ಮೆಟ್ಟಿಲಿಳಿದು ಓಡಿದೆ. ವೈರು ಅಡ್ಡ ಬಂದು ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಆವಿಯೆಲ್ಲ ಹೊರಗೆ ಹೋಗುತ್ತಿತ್ತು. ಇಬ್ಬರೂ ಸೇರಿ ಒದ್ದೆ ಬಟ್ಟೆಯನ್ನು ಮುಚ್ಚಳದ ಸುತ್ತ ಸುತ್ತಿ ಒತ್ತಿ ಹಿಡಿದೆವು. ಫೋನು ನನ್ನ ಭುಜ, ಕಿವಿಯ ನಡುವೆ ಸಿಕ್ಕಿಕೊಂಡಿತ್ತು. ಅತ್ತೆಯ ಮುಖ ಆವಿಯಲ್ಲಿ ಕೆಂಪಾಗಿತ್ತು.

ಫೋನಿನಲ್ಲಿ ಅಲಾರಂ ಕೇಳಿಸಿತು. ಅದರ ಹಿಂದೆಯೇ ಕುರ್ಚಿ ಸರಿದ ಸದ್ದು, ಯಾರೋ ಓಡಿ ಬಂದದ್ದು, ಹಿಂದಿಯಲ್ಲಿ ಏನಾಯಿತೆಂದು ಕೇಳಿದ್ದು. ಇಂಜಿನಿಯರ್ ನಗುತ್ತಿದ್ದರು. "ತೊಂಬತ್ತೇಳ್ರೀ ಮೇಡಂ. ಇಡೀ ಆಫೀಸ್ ಎದ್ದ ನಿಂತದ."

ಅತ್ತೆ ಬಟ್ಟೆ ಬಿಟ್ಟು ಕೈ ಝಾಡಿಸಿಕೊಂಡರು. ಅವರು ನಗುತ್ತಲೇ ಇದ್ದರು. ನನಗೂ ನಗು ನಿಲ್ಲಲಿಲ್ಲ. ಇಡ್ಲಿ ಸ್ವಲ್ಪ ಹೆಚ್ಚೇ ಬೆಂದಿತ್ತು.

ಹೊತ್ತು ಮುಳುಗುವ ಮೊದಲು ಲಾರಿ ಹೈವೇ ಪಕ್ಕ ಬಂದು ನಿಂತಿತು. ಇಂಜಿನಿಯರ್ ಇಳಿದು ಬಂದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅತ್ತೆ ಕಟ್ಟಿಕೊಟ್ಟಿದ್ದ ಇಡ್ಲಿ ಚಟ್ನಿಯ ಪೊಟ್ಟಣ ಅವರಿಗೂ ಡ್ರೈವರನಿಗೂ ಕೊಟ್ಟೆ. ಬೆಟ್ಟದ ಮೇಲೆ ಫೋನ್ ಹತ್ತುವುದಿಲ್ಲ, ಜೋಡಿಸಿದ ಮೇಲೆ ಸುದ್ದಿ ಬರುತ್ತದೋ ಇಲ್ಲವೋ ನಮ್ಮ ಆಫೀಸಿನಲ್ಲಿ ಕೂತು ನೀವೇ ನೋಡಬೇಕು ಎಂದು ಹೇಳಿ ಹೋದರು.

ಮರುದಿನ ಅವರ ಆಫೀಸಿನಲ್ಲಿ ಅವರದೇ ಕುರ್ಚಿಯಲ್ಲಿ ಕೂತು ಕಾದೆ. ಊಟವಾಗುವವರೆಗೂ ಪರದೆ ಖಾಲಿಯಿತ್ತು. ಆಮೇಲೆ ನಕ್ಷೆಯ ಮೇಲೆ ಬೆಟ್ಟದ ಜಾಗದಲ್ಲಿ ಒಂದು ಚುಕ್ಕೆ ಮೂಡಿತು. ಇಪ್ಪತ್ತಾರು ಡಿಗ್ರಿ, ತಣ್ಣಗಿದ್ದ ಇಂಜಿನ್. ಸ್ವಲ್ಪ ಹೊತ್ತಿಗೆ ನಲವತ್ತು. ಅಂದರೆ ಅಲ್ಲಿ ಈಗ ಜನರೇಟರ್ ಚಾಲೂ ಮಾಡಿದ್ದಾರೆ. ಅಕೌಂಟ್ಸಿನವರು, ಚಹಾ ತಂದವನು, ಮಾಲೀಕರು, ಎಲ್ಲರೂ ನನ್ನ ಹಿಂದೆ ನಿಂತಿದ್ದರು. ಅಂಕಿ ಎಪ್ಪತ್ತೆಂಟಕ್ಕೆ ಏರಿ ಅಲ್ಲೇ ನಿಂತಿತು. ಇಂಜಿನ್ ಆರೋಗ್ಯವಾಗಿ ಓಡುವಾಗ ಇರಬೇಕಾದಷ್ಟೇ ಬಿಸಿ.

ಮಾಲೀಕರು ಏನೋ ಕೇಳುತ್ತಿದ್ದರು. ಒಂದು ನಿಮಿಷ ಎಂದು ಅವರಿಗೆ ಕೈ ತೋರಿಸಿ ಮನೆಗೆ ಫೋನ್ ಮಾಡಿದೆ. ಅತ್ತೆ ಮೊದಲನೆಯ ರಿಂಗಿಗೇ ಎತ್ತಿಕೊಂಡರು.