ಕ್ಯಾಸೆಟ್ಟಿನ ಕೊನೆಯ ಎರಡು ನಿಮಿಷ

೧೯೯೬ರಲ್ಲಿ ಹುಣಸೂರಿನ ಬಸ್ ನಿಲ್ದಾಣದ ಎದುರು ನನ್ನದೊಂದು ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿಯಿತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಗಿರಾಕಿ ಕೇಳಿದ್ದನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವುದು ಕೆಲಸ. ಕಾಪಿ ಮಾಡುವಾಗ ವಾಲ್ಯೂಮ್ ಪೂರ್ತಿ ಇಳಿಸುವುದು ರೂಢಿ. ಒಂದೇ ಹಾಡನ್ನು ದಿನವಿಡೀ ಕೇಳಿದರೆ ತಲೆ ಕೆಡುತ್ತದೆ.

ಆ ವರ್ಷ ನಾಟಕ ಕಂಪನಿಯ ಹಿರಿಯ ನಟಿಯೊಬ್ಬರು ರೇಡಿಯೋದಲ್ಲಿ ತಮ್ಮ ಆತ್ಮಕಥೆಯನ್ನು ತಾವೇ ಓದಿದರು. ವಾರಕ್ಕೊಂದು ಕಂತು, ಇಪ್ಪತ್ತೆಂಟು ನಿಮಿಷ. ಮೊದಲ ಕಂತು ರೆಕಾರ್ಡ್ ಮಾಡಿಕೊಳ್ಳುತ್ತ ನಾನು ವಾಲ್ಯೂಮ್ ಇಳಿಸುವುದನ್ನೇ ಮರೆತೆ. ರಾಣಿಯ ವೇಷದಲ್ಲಿ ಪರದೆಯ ಹಿಂದೆ ಬಂದು ಎತ್ತಿಕೊಂಡಾಗ, ಬಣ್ಣದ ಮುಖ ಕಂಡು ಸ್ವಂತ ಮಗುವೇ ಹೆದರಿ ಅತ್ತಿತಂತೆ. ಅಲ್ಲಿ ಅವರು ತಡೆದರು. ಒಂದು ಕೆಮ್ಮು, ಲೋಟ ಕೆಳಗಿಟ್ಟ ಸದ್ದು. ಆಮೇಲೆ ಮುಂದಿನ ಸಾಲು. ಆ ಕೆಮ್ಮು ಯಾವ ಪುಸ್ತಕದಲ್ಲೂ ಅಚ್ಚಾಗುವುದಿಲ್ಲ. ನನ್ನ ಮೈ ಜುಮ್ಮೆಂದಿತು.

ನನ್ನನ್ನು ಸಾಕಿ ಬೆಳೆಸಿದವಳು ಜಯಕ್ಕ. ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಲ್ಲಿ ಎಲೆಗಳನ್ನು ಕಡ್ಡಿಗೆ ಕಟ್ಟುವ ಕೂಲಿ ಮಾಡುತ್ತಿದ್ದಳು. ಅವಳಿಗೂ ಆ ಕಂತುಗಳನ್ನು ಕೇಳಿಸಿದೆ.

“ಓದಕ್ಕೆ ಬರದೋರ್ಗೂ ಇಂಗೆ ಒಂದು ಬದುಕಿರ್ತದಲ್ವೇನ್ಲಾ?” ಎಂದಳು.

“ನಿನ್ ಕತೆ ಯಾರ್ ಕೇಳಾರು ಬುಡಕ್ಕ. ಸೊಪ್ಪು ಕಟ್ದೆ, ಉಂಡೆ, ಮಲಿಕಂಡೆ.”

“ನೀನೊಬ್ಬ ಕೇಳ್ಲಾ, ಸಾಕು.”

ಅವಳ ಬಳಿ ಒಂದು ಹಳೆಯ ಟೇಪ್ ರೆಕಾರ್ಡರ್ ಬಿಟ್ಟಿದ್ದೆ. ಹದಿನೈದು ದಿನದ ಮೇಲೆ ಕ್ಯಾಸೆಟ್ಟೊಂದನ್ನು ಕರ್ಚೀಫಿನಲ್ಲಿ ಸುತ್ತಿ ತಂದಳು. “ಒಂದು ಮಗ್ಗುಲು ಪೂರಾ ಮಾತಾಡಿವ್ನಿ. ಇನ್ನೊಂದ್ಸಲ ಹೇಳಕ್ಕೆ ನನ್ಕೈಲಾಗಲ್ಲ ಕಣ.”

ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಗಿರಾಕಿಗಳಿಗೆಲ್ಲ ನಾನೇ ಮುರಿದು ಕೊಡುತ್ತಿದ್ದೆ. ಅಕ್ಕನದನ್ನು ಮುರಿಯಲಿಲ್ಲ. ಕೇಳಲೂ ಇಲ್ಲ. ವಾರದ ಮೇಲೆ “ಕೇಳ್ದಾ?” ಎಂದಳು. “ಚೆನ್ನಾಗದೆ ಕಣಕ್ಕ” ಎಂದೆ. ಅವಳ ಮುಖ ಅರಳಿದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ.

ಒಂದು ಸಂತೆಯ ದಿನ ಹಾರನಹಳ್ಳಿಯ ಯಜಮಾನರೊಬ್ಬರು ಬಸ್ಸಿಗೆ ಅವಸರದಲ್ಲಿದ್ದರು. ಅವರಿಗೆ ನಟಿಯ ಕಂತು ಬೇಕಿತ್ತು. ಖಾಲಿಯೆಂದುಕೊಂಡು ಕೈಗೆ ಸಿಕ್ಕ ಕ್ಯಾಸೆಟ್ ತುರುಕಿ, ವಾಲ್ಯೂಮ್ ಇಳಿಸಿ, ಕಾಪಿ ಮಾಡಿ ಕೊಟ್ಟೆ.

ಮುಂದಿನ ವಾರ ಅವರು ಅದನ್ನು ಹಿಡಿದು ಬಂದರು. “ನಾಟಕದಮ್ಮ ಮಾತು ಮುಗ್ಸುದ್ ಮೇಲೆ ಇನ್ನೊಬ್ರು ಮಾತಾಡ್ತಾರಲ್ಲ, ಅವ್ರು ಯಾರಪ್ಪ? ನನ್ನೆಂಡ್ರು ಅತ್ತುಬುಟ್ಳು. ಅವ್ರ ಮಿಕ್ಕಿದ್ದೂ ಕೊಡು.”

ಹಾಕಿ ಕೇಳಿದೆ. ನಟಿಯ ಇಪ್ಪತ್ತೆಂಟು ನಿಮಿಷ ಮುಗಿಯಿತು. ಸಣ್ಣ ಕಟಕ್. ಆಮೇಲೆ ಅಕ್ಕ. ಅವಳ ಮೂವತ್ತು ನಿಮಿಷದ ಮಗ್ಗುಲಿನಲ್ಲಿ ಅಳಿಯದೆ ಉಳಿದದ್ದು ಕೊನೆಯ ಎರಡೇ ನಿಮಿಷ.

“...ಎಲೆ ಅಂಟು ಎಷ್ಟ್ ತೊಳುದ್ರೂ ಹೋಗದು. ತುತ್ತೆಲ್ಲ ಕಹಿ. ಮಗ ಉಗುದ್ಬುಡೋನು. ಅದ್ಕೇ ಚಮಚ ತಂದೆ. ಅಕ್ಕ ಕೈತುತ್ತು ಕೊಡ್ನಿಲ್ಲ ಅಂತ ಅವನ್ಗೆ ಈಗ್ಲೂ ಕ್ವಾಪ.”

ಅಲ್ಲಿ ತಡೆದಳು. ಒಂದು ಕೆಮ್ಮು. ನಟಿಯನ್ನು ಕೇಳಿ ಕಲಿತದ್ದಲ್ಲ, ಅವಳದೇ ಕೆಮ್ಮು. ಮತ್ತೆ ಮೈ ಜುಮ್ಮೆಂದಿತು. ಚಮಚದ ಕೋಪ ನನಗೆ ನಿಜವಾಗಿಯೂ ಇತ್ತು.

ಅಂದೇ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅಕ್ಕ ಕಡ್ಡಿ ಕಟ್ಟುತ್ತಲೇ ಕೇಳಿದಳು.

“ಹಂಗಾರೆ ಅವತ್ತು ಚೆನ್ನಾಗದೆ ಅಂದಿದ್ದು?”

ಮತ್ತೆ ಹೇಳು ಎಂದು ಆಮೇಲೆ ಎಷ್ಟೋ ಸಲ ಬೇಡಿದೆ. ನಕ್ಕಳು. ಹೇಳಲಿಲ್ಲ.

ಯಜಮಾನರಿಗೆ ಬೇರೆ ಕ್ಯಾಸೆಟ್ ಕೊಟ್ಟು ಅಕ್ಕನದನ್ನು ಉಳಿಸಿಕೊಂಡೆ. ಹಲ್ಲುಗಳನ್ನು ಮುರಿದಿದ್ದೇನೆ. ಅಂಗಡಿ ಮುಚ್ಚುವವರೆಗೂ ಯಾರ ಕ್ಯಾಸೆಟ್ ಬಂದರೂ ಮೊದಲು ವಾಲ್ಯೂಮ್ ಏರಿಸಿದೆ. ಕಸುಬು ಕಲಿಸಿದ್ದು ಅಷ್ಟೇ: ಕೇಳದೆ ಚೆನ್ನಾಗಿದೆ ಎನ್ನಬಾರದು.