ಕಾಶಮ್ಮನ ಟೆಸ್ಟು

ಎಂಟರ ಆಕಾರದಲ್ಲಿ ಗೆರೆ ಎಳೆದ ಮೈದಾನದ ನಟ್ಟನಡುವೆ ಕಾಶಮ್ಮ ಸ್ಕೂಟರ್ ನಿಲ್ಲಿಸಿದರು. ಇಳಿದು ಸ್ಟ್ಯಾಂಡ್ ಹಾಕಿ, ಕನ್ನಡಕ ಸರಿಮಾಡಿಕೊಂಡರು. ಹೆಲ್ಮೆಟ್ಟಿನ ಮೇಲೆಯೇ ಸೆರಗು ಹೊದ್ದು ಬೇಲಿಯತ್ತ ನಡೆದರು.

“ಶರಣು ಬೀಗ್ರೇ, ಯಾವಾಗ್ ಬಂದ್ರಿ? ಮನೇಲೆಲ್ಲ ಚೆನ್ನಾಗವ್ರಾ?”

ಬೇಲಿಯಾಚೆ ನಿಂತಿದ್ದವರು ಅಜ್ಜಂಪುರದ ವಿಶ್ವಾರಾಧ್ಯ, ಕಾಶಮ್ಮನ ಮಗಳು ಸ್ಫೂರ್ತಿಯ ಮಾವ. ಟ್ರ್ಯಾಕ್ಟರಿನ ಯಾವುದೋ ಕೆಲಸಕ್ಕೆ ತರೀಕೆರೆಗೆ ಬಂದಿದ್ದ ಅವರು ಕಕ್ಕಾಬಿಕ್ಕಿಯಾದರು. “ಅಯ್ಯಯ್ಯೋ, ಇಳೀಬಾರ್ದಿತ್ತು ಕಣ್ರೀ ಬೀಗ್ತಿಯೋರೇ!”

ಲೈಸೆನ್ಸ್ ಟೆಸ್ಟಿನಲ್ಲಿ ಕಾಲು ನೆಲಕ್ಕೆ ತಾಗಿದರೇ ಫೇಲು. ಕಾಶಮ್ಮನ ಕಾಲು ತಾಗುವುದಿರಲಿ, ನೆಂಟಸ್ತನ ಮಾಡಲು ಹೊರಟೇಬಿಟ್ಟಿತ್ತು.

“ಬೀಗರ ಮುಂದೆ ಗಾಡಿ ಮೇಲೆ ಕೂತ್ಕೊಂಡೇ ಮಾತಾಡಕ್ಕಾಯ್ತದಾ ಸಾರ್?” ಎಂದು ಕಾಶಮ್ಮ ಇನ್‌ಸ್ಪೆಕ್ಟರನ್ನೇ ಕೇಳಿದರು.

“ಮಾತಾಡಿ ಅಂತ ನಿಮಗೆ ಹೇಳಿದ್ಯಾರಮ್ಮ?” ಎಂದು ಅವರು ಮುಂದಿನವರನ್ನು ಕರೆದರು.

ಮರದ ಕೆಳಗೆ ನಿಂತು ಇದನ್ನು ನೋಡಿದ ಕೋಮಲಾ ಹಣೆ ಚಚ್ಚಿಕೊಂಡಳು. ಸಿಂಗಟಗೆರೆಯಲ್ಲಿ ಕಾಶಮ್ಮನ ಪಕ್ಕದ ಮನೆಯವಳು ಆಕೆ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಕೆರೆ ಏರಿಯ ಮೇಲೆ ಕಾಶಮ್ಮನಿಗೆ ಸ್ಕೂಟರ್ ಕಲಿಸಿದವಳೂ ಆಕೆಯೇ. ಶಿಷ್ಯೆ ಎಂಟೆದೆಯವರೇನೋ ನಿಜ. ಆದರೆ ಎಂಟು ಮಾತ್ರ ಪೂರ್ತಿಯಾಗುತ್ತಿರಲಿಲ್ಲ.

ಆ ಕಡೆಯ ಹಟ್ಟಿಗಳಲ್ಲೆಲ್ಲ ಅವರು ‘ಟೆಸ್ಟ್ ಕಾಶಮ್ಮ’ ಎಂದೇ ಪರಿಚಿತರು. ಆಶಾ ಕಾರ್ಯಕರ್ತೆಯ ಕೆಲಸವೇ ಹಾಗೆ: ಬಸುರಿಯರನ್ನು ರಕ್ತದ ಟೆಸ್ಟಿಗೆ ಹೊರಡಿಸಬೇಕು, ಮುದುಕರನ್ನು ಸಕ್ಕರೆ ಟೆಸ್ಟಿಗೆ ಒಪ್ಪಿಸಬೇಕು, ಕೆಮ್ಮುವವರ ಕಫ ಟೆಸ್ಟಿಗೆ ಕಳಿಸಬೇಕು. ಬೀದಿಯಲ್ಲಿ ಕಾಶಮ್ಮ ಕಂಡರೆ ಕೆಮ್ಮು ಬಂದವರೂ ನುಂಗಿಕೊಳ್ಳುತ್ತಿದ್ದರು. ಬಸ್ಸು ಹೋಗದ ಹಟ್ಟಿಗಳಿಗೆ ನಡೆದು ನಡೆದು ಮಂಡಿ ಸವೆದ ಕಾಲಕ್ಕೆ ಸ್ಫೂರ್ತಿ ಮದುವೆಯಾಗಿ ಹೋದಳು; ಅವಳ ಸ್ಕೂಟರ್ ತವರಲ್ಲೇ ಉಳಿಯಿತು. ಮಂಡಿಗೆ ಹೊಸ ಜೀವ ಬಂದಂತಾಯಿತು.

ಎರಡನೆಯ ಸಲ ಬೀಗರು ಬರಲಿಲ್ಲ. ಬದಲಿಗೆ ಬೇಲಿಯ ಬಳಿ ಗಂಗಾಧರಯ್ಯ ಮೇಷ್ಟ್ರು ನಿಂತಿದ್ದರು. ಅಕ್ಷರ ಕಲಿಸಿದವರನ್ನು ಕಂಡೂ ಕೂತೇ ದಾಟಿ ಹೋಗುವುದು ಹೇಗೆ? ಕಾಶಮ್ಮ ಇಳಿದು ಕಾಲಿಗೇ ನಮಸ್ಕರಿಸಿದರು. ಮೇಷ್ಟ್ರು “ಪಾಸಾಗು ಮಗಳೇ” ಎಂದು ಹರಸುವಷ್ಟರಲ್ಲಿ ಫೇಲಾಗಿತ್ತು.

ಅಂದು ಸಂಜೆ ಅಳಿಯ ಬಸವೇಶ್ ಫೋನ್ ಮಾಡಿದ. “ಅತ್ತೇ, ಲೈಸೆನ್ಸಿಲ್ದೆ ಓಡ್ಸಿ ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ಇದೊಂದ್ಸಲ ನೋಡಿ. ಆಗ್ಲಿಲ್ಲ ಅಂದ್ರೆ ಗಾಡಿ ಅಜ್ಜಂಪುರಕ್ಕೆ ತಗೊಂಡೋಗ್ತೀನಿ.”

ಹಾಗಾಗಿ ಮೂರನೆಯ ಸಲ ಕಡೂರಿನಿಂದ ತರೀಕೆರೆಯ ಬಸ್ಸು ಹತ್ತಿದಾಗ ಕಾಶಮ್ಮನ ಮುಖ ಬಾಡಿತ್ತು. ಧೈರ್ಯ ತುಂಬಲು ಕೋಮಲಾ ತನ್ನ ಬಳಿ ಇದ್ದ ಸರಕನ್ನೇ ಬಿಚ್ಚಿದಳು.

“ಟೆಸ್ಟ್ ಅನ್ನೋ ಪದಕ್ಕೆ ಮೊದಲು ಏನರ್ಥ ಗೊತ್ತಾ ಕಾಶಕ್ಕ? ಮಡಕೆ!”

“ಏನಂದೆ?”

“ಲ್ಯಾಟಿನ್ ಭಾಷೇಲಿ ಟೆಸ್ಟಮ್ ಅಂದ್ರೆ ಮಣ್ಣಿನ ಮಡಕೆ. ಹಿಂದೆ ಚಿನ್ನ ಬೆಳ್ಳೀನ ಮಣ್ಣಿನ ಬಟ್ಟಲಲ್ಲಿ ಹಾಕಿ ಕಾಯ್ಸೋರು. ಕಲಬೆರಕೆ ಎಲ್ಲ ಬಟ್ಟಲು ಹೀರ್ಕೊಂಡು ಅಪ್ಪಟ ಲೋಹ ಉಳಿಯೋದು. ಆ ಬಟ್ಟಲಿನ ಹೆಸರೇ ಟೆಸ್ಟ್. ಆಮೇಲೆ ಆ ಕೆಲ್ಸಕ್ಕೂ ಅದೇ ಹೆಸರಾಯ್ತು. ಈಗ ನೋಡಿ, ಮೈಕಿಗೂ ಟೆಸ್ಟು, ಡೈರಿ ಹಾಲಿಗೂ ಟೆಸ್ಟು, ದಿನಗಟ್ಲೆ ಆಡೋ ಕ್ರಿಕೆಟ್ಟಿಗೂ ಟೆಸ್ಟು. ನೀವು ಚಿನ್ನ ಕಣಕ್ಕ. ಬೆಂಕಿಗೆ ಹೆದರ್ಬೇಡಿ.”

ಕಾಶಮ್ಮ ಬೀರೂರು ದಾಟುವವರೆಗೂ ಯೋಚಿಸಿದರು.

“ಆ ಚಿನ್ನಕ್ಕೆ ಬೀಗ್ರು ಇರ್ಲಿಲ್ವಲ್ಲ ಕೋಮಲಾ.”

ತರೀಕೆರೆಯಲ್ಲಿ ಡ್ರೈವಿಂಗ್ ಸ್ಕೂಲಿನ ಕನಕರಾಜು ಸ್ಕೂಟರ್, ಹೆಲ್ಮೆಟ್ ಹಿಡಿದು ಕಾದಿದ್ದ. “ಅಮ್ಮ, ಇವತ್ತು ದೇವ್ರೇ ಬಂದು ನಿಂತ್ರೂ ಇಳೀಬೇಡಿ. ಅವನಿಗೆ ನಾನ್ ಹೇಳ್ಕೋತೀನಿ,” ಎಂದ.

ಕಾಶಮ್ಮ ಹೊರಟರು. ಮೊದಲ ತಿರುವು ನಯವಾಗಿ ಮುಗಿಯಿತು. ಆಗಲೇ ಕೋಮಲಾ ಬೇಲಿಯತ್ತ ತಿರುಗಿ ನೋಡಿದಳು. ಬೇಲಿಗೆ ಆತುಕೊಂಡು ಸಾಕ್ಷಾತ್ ವಿಶ್ವಾರಾಧ್ಯರೇ ನಿಂತಿದ್ದರು! ಬೀಗಿತ್ತಿಗೆ ಹುರುಪು ಕೊಡಲೆಂದೇ ಅಜ್ಜಂಪುರದಿಂದ ಬಂದಿದ್ದ ಪುಣ್ಯಾತ್ಮರು ಸುಮ್ಮನೆ ನಿಲ್ಲಬಾರದೇ? ಎರಡೂ ಕೈ ಎತ್ತಿ ಮುಗಿದೇಬಿಟ್ಟರು.

ಹೋಯ್ತು ಗಾಡಿ ಅಜ್ಜಂಪುರಕ್ಕೆ, ಎಂದು ಕೋಮಲಾ ಕಣ್ಣು ಮುಚ್ಚಿದಳು.

ಸ್ಕೂಟರಿನ ಸದ್ದು ಮಾತ್ರ ನಿಲ್ಲಲಿಲ್ಲ. ಕಣ್ಣು ಬಿಟ್ಟರೆ ಕಾಶಮ್ಮ ಕತ್ತು ಕೊಂಕಿಸದೆ, ಕಲ್ಲಿನ ಬಸವನಂಥ ಮುಖ ಮಾಡಿಕೊಂಡು, ಬೀಗರ ಮೂಗಿನಡಿಯಲ್ಲೇ ಎರಡನೆಯ ತಿರುವನ್ನೂ ಮುಗಿಸಿ ಬರುತ್ತಿದ್ದರು. ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಪಾಸ್! ಕನಕರಾಜು ಶಿಳ್ಳೆ ಹೊಡೆದ. ಮುಗಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ವಿಶ್ವಾರಾಧ್ಯರು ಬೆವರು ಒರೆಸಿಕೊಂಡರು.

ಕೋಮಲಾ ಓಡಿಹೋಗಿ ಕಾಶಮ್ಮನ ಕೈ ಹಿಡಿದಳು. ವಿದ್ಯೆ ವ್ಯರ್ಥವಾಗಲಿಲ್ಲ ಎಂಬ ಹೆಮ್ಮೆ ಅವಳ ದನಿಯಲ್ಲೇ ಇತ್ತು.

“ಹೆಂಗೆ ಕಾಶಕ್ಕ ಅಷ್ಟು ಗಟ್ಟಿ ಮನಸ್ಸು ಮಾಡಿದ್ರಿ? ನಾನು ಹೇಳಿದ ಚಿನ್ನದ ಮಾತು ನೆನಪಾಯ್ತಾ?”

ಕಾಶಮ್ಮ ಎರಡೂ ಕೈಯಿಂದ ಹೆಲ್ಮೆಟ್ ಕಿತ್ತು, ಕಣ್ಣು ಕಿರಿದು ಮಾಡಿ ಬೇಲಿಯತ್ತ ನೋಡಿದರು.

“ಈ ಸಲದ ಹೆಲ್ಮೆಟ್ ಬಲೇ ಬಿಗಿ ಕಣೇ, ಕನ್ನಡಕ ತೂರ್ಲೇ ಇಲ್ಲ. ತೆಗ್ದು ಬ್ಯಾಗಲ್ಲಿ ಹಾಕ್ಬಿಟ್ಟೆ. ಯಾಕೆ, ಯಾರಾದ್ರೂ ಬಂದಿದ್ರಾ?”