ಮಗ್ಗದ ಮೇಲಿನ ರಿಯಾಯಿತಿ ದೀಪ

ಬೆಟಗೇರಿಯ ನೇಕಾರರ ಓಣಿಯಲ್ಲಿ ದ್ರಾಕ್ಷಾಯಣಿಯ ಮನೆ ಎಂದರೆ ಒಂದೇ ಕೋಣೆ. ಅದರ ಮುಕ್ಕಾಲು ಪಾಲು ಮಗ್ಗದ್ದು. ಉಳಿದಿದ್ದರಲ್ಲಿ ಒಲೆ, ನೀರಿನ ಹರವಿ, ದೇವರ ಮಾಡ ಮತ್ತು ಅತ್ತೆ ಯಮನವ್ವನ ಹಾಸಿಗೆ. ಎರಡೂ ಬದಿಗೆ ನೆರೆಯವರ ಗೋಡೆ, ಹಿಂದೆಯೂ ಗೋಡೆ. ಬೆಳಕು ಒಳಗೆ ಬರಲು ಬಾಗಿಲೊಂದೇ ದಾರಿ. ಡಂಬಳದಿಂದ ಮದುವೆಯಾಗಿ ಬಂದ ದಿನ, ಹೊರಗಿನ ಬಿಸಿಲಿನಿಂದ ಹೊಸ್ತಿಲು ದಾಟಿದ ಆ ಹುಡುಗಿ ಒಳಗೆ ಏನೂ ಕಾಣದೆ, ಮಗ್ಗದ ಮುಂದೆ ತೋಡಿದ್ದ ಕುಣಿಯೊಳಗೆ ಜಾರಿಬಿದ್ದಿದ್ದಳು. ನೇಕಾರ ಕುಳಿತು ಕಾಲು ಇಳಿಬಿಡುವ, ಸೊಂಟದ ಆಳದ ಕುಣಿ ಅದು. ಯಮನವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು.

"ಭಾಳ ಅವಸರ ಐತಲ್ಲ ಈಕಿಗೆ! ಒಂದು ಹೊತ್ತು ಉಂಡು ಆಮ್ಯಾಲ ಮಗ್ಗ ಹಿಡಿಯವ್ವಾ, ಅದೇನು ಓಡಿಹೋಗಂಗಿಲ್ಲ."

ಓಡಿಹೋಗದ ಆ ಮಗ್ಗವೇ ಅವಳ ಸಂಸಾರವನ್ನು ಹೊತ್ತಿತು. ಗಂಡ ಕುಬೇರಪ್ಪ ಮಿತಭಾಷಿ, ದೈವಭೀರು. ಅವನು ನೇಯುವನು, ಅವಳು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವಳು. ಒಲೆ ಹಚ್ಚುವ ಮೊದಲು ಕುಣಿಯ ಅಂಚಿಗೆ ವಿಭೂತಿ ಹಚ್ಚಿ ಒಂದು ಹೂವಿಡುವುದು ಸೊಸೆಯ ನಿತ್ಯನೇಮ. ಅನ್ನ ಕೊಡುವ ಭಗವಂತ ಯಾವ ಯಾವ ರೂಪದಲ್ಲಿ ಮನೆಯೊಳಗೆ ಬಂದು ಕೂರುತ್ತಾನೆಂಬುದನ್ನು ಬಡವರಿಗೆ ಯಾರೂ ಉಪದೇಶಿಸಬೇಕಾಗಿಲ್ಲ. ಅವರು ಅವನನ್ನು ದಿನವೂ ಕೈಯಿಂದ ಮುಟ್ಟಿಯೇ ಬದುಕುತ್ತಾರೆ.

ಮದುವೆಯಾಗಿ ಕೆಲವು ವರ್ಷಗಳಿಗೆ ಕುಬೇರಪ್ಪನ ಎದೆಗೆ ಕೆಮ್ಮು ಹೊಕ್ಕಿತು. ಔಷಧಿಯಿಂದ ಜೀವ ಉಳಿಯಿತಾದರೂ ಕೈಯ ವೇಗ ಉಳಿಯಲಿಲ್ಲ. ಬೇರೆಯವರು ಹಗಲಿನಲ್ಲಿ ಮುಗಿಸುವ ಕೆಲಸಕ್ಕೆ ಅವನಿಗೆ ಹಗಲೂ ಬೇಕು, ಸಂಜೆಯೂ ಬೇಕು. ಸಂಜೆ ಎಂದರೆ ಚಿಮಣಿ ಬುಡ್ಡಿ. ಆ ಬುಡ್ಡಿಯ ಮಸಿ ಒಮ್ಮೆ ತಿಳಿಬಣ್ಣದ ಸೀರೆಯ ಸೆರಗಿಗೆ ಕೂತು, ನೂಲು ಕೊಡುವ ನೇಕಾರರ ಸಂಘದವರು ಆ ಸೀರೆಯನ್ನು ಮರಳಿ ಕಳಿಸಿದರು. ಸಂಘದ ನೂಲು ಒಮ್ಮೆ ತಪ್ಪಿದ ಮನೆಗೆ ಅದು ತಿರುಗಿ ಬರುವುದು ಸುಲಭವಲ್ಲ. ಯಮನವ್ವ ಸಂಘದ ಕಟ್ಟೆಯ ಮೇಲೆ ಅರ್ಧ ದಿನ ಕೂತು, ಬೇಡಿ, ಬೈದು, ಮತ್ತೆ ಬೇಡಿ ನೂಲು ತಂದಿದ್ದಳು.

ಇಂಥ ಹೊತ್ತಿನಲ್ಲಿ, ಎಂಬತ್ತರ ಸುಮಾರಿಗೆ, ಭಾಗ್ಯಜ್ಯೋತಿ ಆ ಓಣಿಗೆ ಬಂದಿತು. ಬಡವರ ಮನೆಗೆ ಸರಕಾರ ಕೊಡುವ ಒಂದೇ ಒಂದು ವಿದ್ಯುತ್ ದೀಪ, ಬಿಲ್ಲಿನಲ್ಲಿ ರಿಯಾಯಿತಿ. ಕಂಬದಿಂದ ತಂತಿ ಎಳೆದು ತಂದವನು ಲೈನ್‌ಮನ್ ಮೌಲಾಸಾಬ. ನಗುಮುಖದ ಮನುಷ್ಯ, ಓಣಿಯ ಮುದುಕಿಯರಿಗೆಲ್ಲ ಅಚ್ಚುಮೆಚ್ಚು. ಏಣಿಯ ಮೇಲೆ ನಿಂತು ಕೇಳಿದ:

"ಎಲ್ಲಿ ಹಾಕ್ಲಿ, ಆಯಿ? ಒಂದ ದೀಪ ನೋಡ ಮತ್ತ. ಆಮ್ಯಾಲ ಅಲ್ಲಿ ಬೇಕಿತ್ತು, ಇಲ್ಲಿ ಬೇಕಿತ್ತು ಅಂದ್ರ ನಾ ಬರಂಗಿಲ್ಲ."

"ಕೇಳೋ ಮಾತೇನಲೇ ಅದು? ಮಗ್ಗದ ಮ್ಯಾಲ ಹಾಕು!" ಎಂದಳು ಯಮನವ್ವ.

"ಅಡಗಿ ಕತ್ತಲದಾಗ ಮಾಡ್ತಿ?"

"ಈಟು ವರ್ಷ ಕತ್ತಲದಾಗ ಮಾಡಿದ ರೊಟ್ಟಿ ಯಾರ ಮೂಗಿಗೂ ಹೋಗಿಲ್ಲ, ಬಾಯಿಗೇ ಹೋಗ್ಯಾವ. ನೀ ಹಾಕು."

ಆ ಓಣಿಯಲ್ಲಿ ಬೇರೆ ಉತ್ತರ ಕೊಡುವವರೇ ಇರಲಿಲ್ಲ. ದೀಪ ಮೊದಲು ಮಗ್ಗಕ್ಕೆ, ಆಮೇಲೆ ಮನುಷ್ಯರಿಗೆ. ದೀಪದ ಗುಂಡಿ ಒತ್ತಿದಾಗ ಮಗ್ಗಕ್ಕೆ ಬಿಗಿದ ಹಾಸಿನ ಎಳೆ ಎಳೆಯೂ ಬೇರೆ ಬೇರೆಯಾಗಿ ಕಂಡದ್ದನ್ನು ನೋಡಿ ಕುಬೇರಪ್ಪ ಕೈಮುಗಿದ. ದ್ರಾಕ್ಷಾಯಣಿ ಅತ್ತಳು. ಆ ದೀಪದ ಕೆಳಗೆ ಮೂರು ವರ್ಷ ಯಾವ ಸೀರೆಯೂ ಮರಳಿ ಬರಲಿಲ್ಲ.

ಎಂಬತ್ಮೂರರ ಬೇಸಿಗೆಯಲ್ಲಿ ವಿದ್ಯುತ್ ಕಚೇರಿಗೆ ಹೊಸ ಸಾಹೇಬರೊಬ್ಬರು ಬಂದರು. ಮೈಸೂರು ಸೀಮೆಯವರು, ವಯಸ್ಸು ಚಿಕ್ಕದು, ದುಷ್ಟರಲ್ಲ. ರಿಯಾಯಿತಿ ಪಡೆದ ಮನೆಗಳನ್ನು ಪರೀಕ್ಷಿಸುತ್ತ ಮೌಲಾಸಾಬನೊಂದಿಗೆ ಓಣಿಗೆ ಬಂದವರು, ದ್ರಾಕ್ಷಾಯಣಿಯ ಬಾಗಿಲಲ್ಲಿ ಬಗ್ಗಿ ಒಳಗೆ ನೋಡಿ ನಿಂತುಬಿಟ್ಟರು. ಹಗಲಿನಲ್ಲಿಯೇ ದೀಪ ಉರಿಯುತ್ತಿತ್ತು. ದೀಪದ ಕೆಳಗೆ ಮಗ್ಗ ನಡೆಯುತ್ತಿತ್ತು.

"ನೋಡಮ್ಮ, ಈ ರಿಯಾಯಿತಿ ವಾಸದ ಮನೆಗೆ. ಇದು ಉದ್ಯೋಗದ ಜಾಗ. ಇಲ್ಲಿ ಉರಿಸೋ ಹಾಗಿಲ್ಲ."

"ಇದ ನಮ್ಮ ಮನಿರೀ, ಸಾಹೇಬ್ರ," ಎಂದಳು ದ್ರಾಕ್ಷಾಯಣಿ.

"ಮನೆ ಯಾವುದು? ಮಗ್ಗ ಇದೆಯಲ್ಲ."

"ಮನಿ ಎಲ್ಲಿಗೆ ಮುಗೀತೈತಿ, ಮಗ್ಗ ಎಲ್ಲಿಂದ ಚಾಲೂ ಆಗತೈತಿ ಅನ್ನೋದು ನೀವ ಗೆರಿ ಹೊಡದು ತೋರಸ್ರಿ. ನಮಗ ತಿಳೀವಲ್ದು."

ಸಾಹೇಬರು ಉತ್ತರದ ಬದಲು ನಿಯಮ ಹೇಳಿದರು. ರಿಯಾಯಿತಿ ರದ್ದಾದರೆ ತಂತಿ ಕಿತ್ತುಹೋಗುತ್ತದೆ. ಮತ್ತೆ ದೀಪ ಬೇಕೆಂದರೆ, ಉರಿಸಿದ ಅಷ್ಟೂ ವರ್ಷಗಳ ಬಿಲ್ಲನ್ನು ಉದ್ಯೋಗದ ದರದಲ್ಲಿ ಕಟ್ಟಬೇಕು. ಕಟ್ಟುವ ಶಕ್ತಿ ಆ ಮನೆಗೆ ಈ ಜನ್ಮದಲ್ಲಿ ಬರುವಂಥದ್ದಲ್ಲ. ಅದನ್ನು ಅವರೂ ಕಂಡರು. ಕುಬೇರಪ್ಪ ಕೆಮ್ಮಿದ್ದನ್ನು ಕೇಳಿದರು. ಹೊರಡುವಾಗ ಧ್ವನಿ ತಗ್ಗಿಸಿ ಹೇಳಿದರು:

"ಸೋಮವಾರ ಮತ್ತೆ ಬರ್ತೀನಿ. ಅವತ್ತು ಇಲ್ಲಿ ಮಗ್ಗ ಇಲ್ಲದಿದ್ದರೆ ವಾಸದ ಮನೆ ಅಂತ ಬರೆದುಬಿಡ್ತೀನಿ."

ಅದು ಅವರ ಕೈಲಾದ ಕರುಣೆ. ಮುಳುಗುವವನ ಕಡೆಗೆ ದಡದಿಂದ ಯಾರೋ ಕೈಚಾಚಿದ ಹಾಗೆ ದ್ರಾಕ್ಷಾಯಣಿ ಆ ಮಾತನ್ನು ಹಿಡಿದುಕೊಂಡಳು.

ಸಂಜೆ ಮೌಲಾಸಾಬ ತಾನಾಗಿ ಬಂದ. ಎದುರುಮನೆಯ ದಾವಲಬಿಯೂ ಬಂದು ಹೊಸ್ತಿಲ ಮೇಲೆ ಕೂತಳು.

"ಮಗ್ಗ ಬಿಚ್ಚಿ ದಾವಲಬಿ ಮನ್ಯಾಗ ಇಡ್ರಿ," ಎಂದ ಮೌಲಾಸಾಬ. "ಸಾಹೇಬ್ರು ಬರಕೊಂಡು ಹ್ವಾದ ಮ್ಯಾಲ ಮತ್ತ ಜೋಡಸ್ರಿ. ಕುಣಿಗೆ ಒಂದೀಟು ಮಣ್ಣು ತುಂಬಿ..."

ಅವನು ಮಾತು ಮುಗಿಸಲಿಲ್ಲ. ಯಮನವ್ವ ಎದ್ದು ನಿಂತಿದ್ದಳು.

"ಬಾಯಿ ಮುಚ್ಚಲೇ ಮೌಲ್ಯಾ! ನನ್ನ ಮಗಾ ಇನ್ನ ಉಸಿರಾಡ್ಲಿಕ್ಕತ್ಯಾನ."

ಮೌಲಾಸಾಬ ನಾಲಿಗೆ ಕಚ್ಚಿಕೊಂಡ. ಹುಟ್ಟಿದ್ದೇ ಆ ಓಣಿಯ ಮಗ್ಗುಲಲ್ಲಿ, ತಿಳಿಯದವನಲ್ಲ. ಆ ನೇಕಾರರಲ್ಲಿ ಮಗ್ಗದ ಕುಣಿಗೆ ಮಣ್ಣು ಬೀಳುವುದು ನೇಕಾರ ಸತ್ತ ದಿನ ಮಾತ್ರ. ಹೆಣ ಎತ್ತುವ ಮುಂಚೆ ಹೆಂಡತಿ ಮೊದಲ ಹಿಡಿ ಮಣ್ಣು ಹಾಕುತ್ತಾಳೆ, ಆಮೇಲೆ ಬಳಗ ತುಂಬುತ್ತದೆ. ಗಂಡ ಬದುಕಿರುವಾಗ ಮಣ್ಣು ಹಾಕುವುದಿರಲಿ, 'ನಮ್ಮ ಕುಣಿ ಮುಚ್ಚಿತು' ಎಂಬ ಮಾತನ್ನು ಹೆಂಡತಿ ತುಟಿಗೂ ತರುವುದಿಲ್ಲ. ಓಣಿಯ ಜಗಳಗಳಲ್ಲಿ ಎಲ್ಲ ಬೈಗುಳ ಮುಗಿದ ಮೇಲೆ ಬರುವ ಕೊನೆಯ ಶಾಪವೇ ಅದು.

"ಮಣ್ಣು ಬ್ಯಾಡ," ಎಂದಳು ದ್ರಾಕ್ಷಾಯಣಿ ಶಾಂತವಾಗಿ. "ಮ್ಯಾಲ ಹಲಗಿ ಹಾಸೋಣ. ಹಲಗಿ ಮ್ಯಾಲ ಇವರ ಹಾಸಿಗಿ. ಮುಚ್ಚಿದಂಗೂ ಆತು, ಮುಚ್ಚಲಾರದಂಗೂ ಆತು."

ಭಾನುವಾರ ಮಗ್ಗ ಬಿಚ್ಚಿದರು. ಅರ್ಧ ನೇಯ್ದ ಸೀರೆಯನ್ನು ಹಾಸಿನ ಸಮೇತ, ಎಳೆ ಕಲೆಯದಂತೆ ಸುತ್ತಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ದ್ರಾಕ್ಷಾಯಣಿ ಎದುರುಮನೆಗೆ ಒಯ್ದಳು. ದಾವಲಬಿ ತನ್ನ ಜೋಳದ ಚೀಲ ಅಂಗಳಕ್ಕೆ ಎಳೆದು ಮೂಲೆ ಖಾಲಿ ಮಾಡಿದ್ದಳು. ಸೀರೆ ಇಳಿಸಿ ನಿಂತಲ್ಲಿಯೇ ದ್ರಾಕ್ಷಾಯಣಿಯ ಕಣ್ಣು ತುಂಬಿದವು.

"ದೂರ ನಿಂತು ಅಳು ಬೇ," ಎಂದಳು ದಾವಲಬಿ. "ಸೀರಿ ತೊಯ್ದು ಬಣ್ಣ ಬಿಟ್ರ ಅದಕ್ಕೂ ಒಬ್ಬ ಸಾಹೇಬ ಬರ್ತಾನ."

ಅಳುತ್ತಿದ್ದವಳು ನಕ್ಕಳು. ನಗುತ್ತಲೇ ಮತ್ತೆ ಅತ್ತಳು.

ಮಗ್ಗವಿಲ್ಲದ ಕೋಣೆ ಅವರಿಗೇ ಗುರುತು ಸಿಗದಷ್ಟು ದೊಡ್ಡದಾಗಿ ಕಂಡಿತು. ಹಲಗೆಯ ಮೇಲೆ ಕುಬೇರಪ್ಪ ಮಲಗಿದ. ಮಗ್ಗುಲು ಬದಲಿಸಿದಾಗಲೆಲ್ಲ ಹಲಗೆ ಟೊಳ್ಳಾಗಿ ಸದ್ದು ಮಾಡುತ್ತಿತ್ತು.

"ಕೆಳಗ ಖಾಲಿ ಐತಿ ಅನ್ನೋದು ಬೆನ್ನಿಗೆ ಗೊತ್ತಾಗತೈತಿ," ಎಂದ ಅವನು.

ದ್ರಾಕ್ಷಾಯಣಿ ದೇವರ ಮಾಡದ ಮುಂದೆ ಕೂತಳು. ನನಗೆ ಬಂಗಾರ ಬೇಡ, ಮಕ್ಕಳಿಲ್ಲವೆಂಬ ಕೊರಗನ್ನೂ ನಿನ್ನ ಮುಂದೆ ಇಡುವುದಿಲ್ಲ. ಆ ಒಂದು ದೀಪ ಉಳಿಸಿಕೊಡು ತಂದೆ, ಇವರ ಕೈಗೆ ಕೆಲಸವಿರಲಿ ಎಂದು ಬೇಡಿದಳು. ಆ ಪ್ರಾರ್ಥನೆಯಲ್ಲಿ ಮರುದಿನ ಸಾಹೇಬರಿಗೆ ತೋರಿಸಲಿರುವ ಸುಳ್ಳೊಂದು ಬೆರೆತಿದ್ದುದು ಅವಳಿಗೆ ಗೊತ್ತಿತ್ತು. ದೇವರಿಗೂ ಗೊತ್ತಿದೆ, ಗೊತ್ತಿದ್ದೂ ಸುಮ್ಮನಿರುತ್ತಾನೆ ಎಂಬ ನಂಬಿಕೆಯಿಂದಲೇ ಬೇಡಿದಳು. ದಯಾಮಯನಾದ ಅವನ ಮುಂದೆ ದಿಕ್ಕಿಲ್ಲದವರು ಇಟ್ಟುಕೊಳ್ಳುವ ಸಲಿಗೆ ಅದು. ಅದನ್ನು ಪಾಪವೆನ್ನಲು ನಾಲಿಗೆ ಏಳುವುದಿಲ್ಲ.

ಸೋಮವಾರ ಸಾಹೇಬರು ಬಂದರು. ಹಿಂದೆ ಮೌಲಾಸಾಬ. ಕೋಣೆಯಲ್ಲಿ ಮಗ್ಗವಿರಲಿಲ್ಲ. ದೀಪದ ಕೆಳಗೆ ಹಾಸಿಗೆ, ಹಾಸಿಗೆಯಲ್ಲಿ ಕುಬೇರಪ್ಪ.

"ಏನಾಗಿದೆ ಇವರಿಗೆ?"

"ಎದಿ ಬ್ಯಾನಿರೀ," ಎಂದಳು ದ್ರಾಕ್ಷಾಯಣಿ. ಅದು ಸುಳ್ಳಲ್ಲ.

"ಸರಿ. ವಾಸದ ಮನೆ," ಎಂದು ಸಾಹೇಬರು ಪೆನ್ನು ತೆಗೆದರು. ಗೋಡೆಯ ಮೇಲಿನ ದೀಪದ ಗುಂಡಿಯನ್ನು ನೋಡಲೆಂದು ಒಂದು ಹೆಜ್ಜೆ ಮುಂದಿಟ್ಟರು. ಬೂಟು ಹಲಗೆಯ ತುದಿಗೆ ತಗುಲಿತು. ಕೆಳಗಿನ ಕುಣಿ ಡೋಲಿನ ಹಾಗೆ ಸದ್ದು ಕೊಟ್ಟಿತು.

ಸಾಹೇಬರು ಹಲಗೆಯನ್ನು ನೋಡಿದರು, ಎತ್ತಿಸಲಿಲ್ಲ. ಆ ಯುವಕನ ಒಳ್ಳೆಯತನವನ್ನು ಇಲ್ಲಿ ಹೇಳಲೇಬೇಕು; ಅವರಿಗೆ ಬೇಕಾಗಿದ್ದುದು ಒಂದು ಮಾತು, ನಾಳೆ ಮೇಲಿನವರು ಕೇಳಿದರೆ ತೋರಿಸಲು ಒಂದು ಆಧಾರ.

"ಇಲ್ಲಿದ್ದ ಕುಣಿ ಮುಚ್ಚಿಬಿಟ್ಟಿದ್ದೀರಿ ತಾನೆ, ಅಮ್ಮ? ಹೂಂ ಅನ್ನಿ ಸಾಕು. ಬರೆದುಕೊಳ್ತೀನಿ."

ದ್ರಾಕ್ಷಾಯಣಿ ಬಾಯಿ ತೆರೆದಳು.

ಎಲ್ಲವನ್ನೂ ಹೊಂಚಿದವಳು ಅವಳೇ. ಹಲಗೆ ತಂದವಳು, ಹಾಸಿಗೆ ಹಾಸಿದವಳು, ಯಾವ ಪ್ರಶ್ನೆಗೆ ಯಾವ ಉತ್ತರವೆಂದು ಅತ್ತೆಗೆ ಕಲಿಸಿದವಳು. ಈ ಪ್ರಶ್ನೆ ಬರಬಹುದೆಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ಹೂಂ ಎಂಬುದು ಎಷ್ಟು ಸಣ್ಣ ಮಾತು! ಅದರ ಆಚೆಗೆ ದೀಪವಿತ್ತು, ನೂಲಿತ್ತು, ಗಂಡನ ಔಷಧಿ ಇತ್ತು. ಅದರೊಳಗೆ ಒಂದು ಹಿಡಿ ಮಣ್ಣೂ ಇತ್ತು.

"ಹೂಂ ಅನ್ನ, ತಂಗಿ," ಎಂದ ಮೌಲಾಸಾಬ ಸಾಹೇಬರ ಬೆನ್ನ ಹಿಂದಿನಿಂದ, ತೀರ ಸಣ್ಣ ದನಿಯಲ್ಲಿ.

ಅವಳು ಗಂಡನ ಮುಖ ನೋಡಿದಳು. ಅವನು ಮಲಗಿದ್ದ, ಕಣ್ಣು ತೆರೆದು ಸೂರು ನೋಡುತ್ತಿದ್ದ. ಕೆಳಗೆ ಕುಣಿ, ಮೇಲೆ ಹಲಗೆ, ಹಲಗೆಯ ಮೇಲೆ ಚಾಚಿಕೊಂಡ ಸಣಕಲು ಶರೀರ.

"ಇಲ್ರಿ," ಎಂದಳು. "ಮುಚ್ಚಿಲ್ರಿ ಸಾಹೇಬ್ರ. ಯಾಕ ಮುಚ್ಚೂಣು? ನನ್ನ ಗಂಡ ಅದಾರಲ್ಲ! ಇಲ್ಲೇ ಅದಾರ, ನೋಡ್ರಿ."

ಅದನ್ನು ಸತ್ಯನಿಷ್ಠೆಯೆಂದು ಹೊಗಳುವುದು ಸರಿಯಾಗದು. ಅವಳು ಸುಳ್ಳಿಗೆ ಸಿದ್ಧಳಾಗಿಯೇ ನಿಂತಿದ್ದಳು. ಆದರೆ ಪ್ರೀತಿಗೆ ದಾಟಲಾಗದ ಗೆರೆಯೊಂದನ್ನು ದೇವರು ಅವಳ ನಾಲಿಗೆಯ ಮೇಲೆ ಬರೆದಿದ್ದ.

ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. "ಇದಕ್ಕೂ ಅದಕ್ಕೂ ಏನಮ್ಮ ಸಂಬಂಧ?" ಎಂದರು. ಯಾರೂ ವಿವರಿಸಲಿಲ್ಲ. ಅವರು ಪೆನ್ನಿನಿಂದ ಒಂದು ಗೆರೆ ಎಳೆದು, ಮತ್ತೇನೋ ಬರೆದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು.

ತಂತಿ ಬಿಚ್ಚುವ ಕೆಲಸ ಮೌಲಾಸಾಬನದೇ. ಮೂರು ವರ್ಷದ ಹಿಂದೆ ಹಾಡುತ್ತ ಹತ್ತಿದ್ದ ಏಣಿಯನ್ನು ಈಗ ಮಾತಿಲ್ಲದೆ ಹತ್ತಿದ. ಬಲ್ಬನ್ನು ತಿರುವಿ ತೆಗೆದಾಗ ಅದು ಇನ್ನೂ ಬಿಸಿಯಾಗಿತ್ತು. ಅದನ್ನು ಒರೆಸಿ ಒಲೆಯ ಪಕ್ಕದಲ್ಲಿಟ್ಟ.

"ಒಂದ ಮಾತಿತ್ತಲ್ಲ ತಂಗಿ," ಎಂದ. "ಒಂದ ಮಾತು. ಅಲ್ಲಾ ಮಾಫ್ ಮಾಡ್ತಿದ್ದ."

"ಅಂವ ಮಾಡ್ತಿದ್ದ, ಅಣ್ಣ. ನನ್ನ ಬಾಯಿ ಮಾಡ್ತಿರ್ಲಿಲ್ಲ."

ಯಮನವ್ವ ಮೂಲೆಯಲ್ಲಿ ಕೂತು ಸೊಸೆಯನ್ನೇ ನೋಡುತ್ತಿದ್ದಳು. ಬೈಯುತ್ತಾಳೆಂದು ದ್ರಾಕ್ಷಾಯಣಿ ಕಾದಳು. ಮುದುಕಿ ಎದ್ದು ಬಂದು, ಸೊಸೆಯ ನೆತ್ತಿಯ ಮೇಲೆ ಕೈಯಿಟ್ಟು, ತಿರುಗಿ ಹೋಗಿ ಕೂತಳು.

"ಅಂದುಬಿಡಬೇಕಿತ್ತು," ಎಂದ ಕುಬೇರಪ್ಪ ಕತ್ತಲೆಯಿಂದ.

"ನೀವಾಗಿದ್ರ ಅಂತಿದ್ರೇನು? ಹಲಗಿ ಮ್ಯಾಲ ನಾ ಮಲಗಿದ್ರ?"

ಅವನು ಹಾಸಿಗೆಯ ಮೇಲೆ ಎದ್ದು ಕೂತ. ಆಮೇಲೆ, "ಹಲಗಿ ತಗಿ," ಎಂದ.

ಮರುದಿನ ಮಗ್ಗ ಮತ್ತೆ ಕೂತಿತು. ಕುಬೇರಪ್ಪ ಕುಣಿಗೆ ಕಾಲು ಇಳಿಬಿಟ್ಟ. ಕಾಲಿಗೆ ತುಳಿಯುವ ಮಣೆ ಸಿಕ್ಕಿತು, ಕೈಗೆ ಲಾಳಿ ಸಿಕ್ಕಿತು. ಮೂರು ವರ್ಷ ದೀಪಕ್ಕೆ ಒಗ್ಗಿದ ಕಣ್ಣಿಗೆ ಎಳೆ ಸಿಗಲಿಲ್ಲ. ಬಾಗಿಲಿನ ಬೆಳಕು ಮಗ್ಗದ ಬೆನ್ನಿಗೆ ಬೀಳುತ್ತಿತ್ತು, ಹಾಸಿನ ಮೇಲಲ್ಲ. ಒಂದು ಎಳೆ ಕಡಿಯಿತು. ಜೋಡಿಸಲು ಮುಖ ಬಗ್ಗಿಸಿ ತಡಕಾಡುವಾಗ ಇನ್ನೊಂದು ಕಡಿಯಿತು. ಬುಡ್ಡಿ ಹಚ್ಚಲೇ ಎಂದು ಕೇಳಲು ಬಂದ ದ್ರಾಕ್ಷಾಯಣಿ ಮಗ್ಗದ ಮೇಲಿನ ಸೆರಗಿನ ತಿಳಿಬಣ್ಣ ನೋಡಿ ಕೇಳಲಿಲ್ಲ. ಸಂಘಕ್ಕೆ ಆ ಸೀರೆ ಮಳೆ ಹಿಡಿಯುವುದರೊಳಗೆ ಮುಟ್ಟಬೇಕಾಗಿತ್ತು.

ಅವಳು ದಾವಲಬಿಯ ಮನೆಯಿಂದ ಹಾರೆ ತಂದಳು. ಏಣಿ ಹಾಕಿ ಮಣ್ಣಿನ ಮಾಳಿಗೆ ಹತ್ತಿದಳು. ಕೆಳಗೆ ಮಗ್ಗ ಎಲ್ಲಿದೆಯೆಂದು ಅಂದಾಜು ಮಾಡಿ ಹಾರೆಯನ್ನು ಎತ್ತಿ ಹಾಕಿದಳು.

ಒಳಗೆ ಯಮನವ್ವ ಚೀರಿದಳು. "ಏನ ಮಾಡ್ತಿಯೇ? ಮಣ್ಣು ಬೀಳಾಕ ಹತ್ತೇತಿ!"

"ಸೀರಿ ಮ್ಯಾಲ ಕೌದಿ ಹೊಚ್ಚು, ಅತ್ತಿ! ಅವರನ್ನ ಆಚೀಕ ಸರಸು!"

"ನಾಕು ದಿನದಾಗ ಮಳಿ ಬರ್ತಾವು. ಆವಾಗೇನ ಮಾಡ್ತಿ?"

ತೆಂಕಣ ದಿಕ್ಕಿಗೆ, ಕಪ್ಪತಗುಡ್ಡದ ಮೇಲೆ ಆಗಲೇ ಮೋಡ ಕಟ್ಟುತ್ತಿತ್ತು. ದ್ರಾಕ್ಷಾಯಣಿ ಒಮ್ಮೆ ಅತ್ತ ನೋಡಿದಳು. ಹಾರೆಯನ್ನು ಮತ್ತೆ ಎತ್ತಿದಳು. ಬಿದಿರಿನ ದಬ್ಬೆ ಮುರಿಯಿತು, ಮಣ್ಣು ಕುಸಿಯಿತು, ಮನೆಯ ನೆತ್ತಿಯಲ್ಲಿ ಹಿಟ್ಟು ನಾದುವ ಪರಾತದಷ್ಟು ಅಗಲದ ತೂತು ಬಿದ್ದಿತು. ಬಿಸಿಲು ನೇರವಾಗಿ ಮಗ್ಗದ ಮೇಲೆ ಇಳಿಯಿತು.

ಕೆಳಗಿನಿಂದ ಲಾಳಿಯ ಸದ್ದು ಕೇಳಿಸಿತು. ಅವಳು ಮಾಳಿಗೆಯ ಮೇಲೆಯೇ ತೂತಿನ ಪಕ್ಕ ಕೂತು, ಎಳೆಯ ಮೇಲೆ ಹರಿಯುವ ಗಂಡನ ಕೈಗಳನ್ನು ನೋಡಿದಳು. ಭಗವಂತಾ, ಈ ಬಿಸಿಲನ್ನು ಇಷ್ಟು ಹೊತ್ತಾದರೂ ಇಲ್ಲೇ ನಿಲ್ಲಿಸು ಎಂದಳು. ಸೂರ್ಯ ನಿಲ್ಲಲಿಲ್ಲ. ಬಿಸಿಲಿನ ತುಂಡು ಹಾಸು ದಾಟಿ, ಕುಣಿಯ ಅಂಚು ದಾಟಿ, ಗೋಡೆ ಹತ್ತಿತು. ಕುಬೇರಪ್ಪ ಲಾಳಿ ಕೆಳಗಿಟ್ಟು, ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಮರುದಿನದ ಬಿಸಿಲಿಗೆ ಕಾಯುತ್ತ ಕುಣಿಯಲ್ಲಿಯೇ ಕೂತ.